ವಾಲ್ಯೂಮ್ ಏರಿಸುವ ಮುಂಚೆ ರಬ್ಬರ್ ತುದಿ ಬದಲಿಸಿ

"ಅಕ್ಕಾ, ಸಾವಿರ ರೂಪಾಯಿ ಒಳಗೆ ಒಳ್ಳೇ ಹೆಡ್‌ಫೋನ್ ಯಾವುದು?"

ತಿಂಗಳಿಗೆ ನಾಲ್ಕೈದು ಸಲವಾದ್ರೂ ಈ ಪ್ರಶ್ನೆ ನನ್ನ ಫೋನಿಗೆ ಬರುತ್ತೆ. ಆಫೀಸಿನ ಹುಡುಗರು ಕೇಳ್ತಾರೆ, ಚಿಕ್ಕಪ್ಪನ ಮಗಳು ಕೇಳ್ತಾಳೆ, ಈ ಅಂಕಣ ಓದುವ ನೀವೂ ಕೇಳ್ತೀರಿ. ನಾನು ಮಾಡೆಲ್ ಹೆಸರು ಹೇಳುವ ಮೊದಲು ಒಂದು ಮರುಪ್ರಶ್ನೆ ಹಾಕ್ತೀನಿ: "ಎಲ್ಲಿ ಕೂತು ಕೇಳ್ತೀರಿ?"

ಹೆಚ್ಚಿನವರ ಉತ್ತರ ಒಂದೇ. ಬಸ್ಸಿನಲ್ಲಿ.

ನನ್ನದೂ ಅದೇ ಕಥೆ. ಹರಿಹರದಲ್ಲಿ ಮನೆ, ದಾವಣಗೆರೆಯಲ್ಲಿ ಕೆಲಸ. ನಡುವೆ ಸುಮಾರು 14 ಕಿಲೋಮೀಟರ್. ಹೋಗುವಾಗ ಅರ್ಧ ಗಂಟೆ, ಬರುವಾಗ ಟ್ರಾಫಿಕ್ ಇದ್ರೆ ಮುಕ್ಕಾಲು ಗಂಟೆ. ಎಂಜಿನ್ ಗುಡುಗು, ಕಿಟಕಿ ಗಾಜಿನ ಗಡಗಡ, ಹಾರ್ನ್, ಕಂಡಕ್ಟರ್ ಸೀಟಿ. ಒಮ್ಮೆ ಫೋನಿನ ಡೆಸಿಬೆಲ್ ಆ್ಯಪ್ ಹಾಕಿ ನೋಡಿದೆ. ಮುಳ್ಳು 78ರಿಂದ 82ರ ನಡುವೆ ಆಡ್ತಿತ್ತು. ಫೋನಿನ ಆ್ಯಪ್ ಕರಾರುವಾಕ್ಕಲ್ಲ, ಅಂದಾಜಿಗೆ ಸಾಕು. ಇಷ್ಟು ಗದ್ದಲದ ಮೇಲೆ ಹಾಡು ಕೇಳಿಸಬೇಕು ಅಂದ್ರೆ ಎಲ್ಲರೂ ಏನು ಮಾಡ್ತಾರೆ? ವಾಲ್ಯೂಮ್ ಏರಿಸ್ತಾರೆ. ಪಕ್ಕದ ಸೀಟಿನವರ ಕಿವಿಯೊಳಗಿನ ಹಾಡು ನನಗೂ ಕೇಳಿಸುತ್ತೆ. ಅವರ ಕಿವಿಗೆ ಅದು ಎಷ್ಟು ಜೋರಾಗಿರಬೇಡ!

ಹಾಗಾಗಿ ಈ ಸಲ ಬರೀ "ಯಾವುದು ಕೊಳ್ಳಲಿ" ಅನ್ನೋದಕ್ಕೆ ಉತ್ತರ ಅಲ್ಲ. ಕಡಿಮೆ ದುಡ್ಡಿನ ಹೆಡ್‌ಫೋನನ್ನೇ ಸ್ವಲ್ಪ ತಿದ್ದಿಕೊಂಡು, ಕಡಿಮೆ ವಾಲ್ಯೂಮ್‌ನಲ್ಲೇ ಚೆನ್ನಾಗಿ ಕೇಳೋದು ಹೇಗೆ ಅನ್ನೋದು ವಿಷಯ. ನನ್ನ ಪ್ರಕಾರ ಒಳ್ಳೇ ಸೌಂಡ್ ಅಂದ್ರೆ ಅದೇ: ಸಣ್ಣ ದನಿಯಲ್ಲೂ ಎಲ್ಲವೂ ಕೇಳಿಸಬೇಕು.

ಕಿವಿಯ ಲೆಕ್ಕಪುಸ್ತಕ

ವಿಶ್ವ ಆರೋಗ್ಯ ಸಂಸ್ಥೆ ಒಂದು ಸರಳ ಲೆಕ್ಕ ಕೊಟ್ಟಿದೆ. 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದ್ರೆ ವಾರಕ್ಕೆ 4 ಗಂಟೆ. 100 ಡೆಸಿಬೆಲ್ ಆದ್ರೆ ವಾರಕ್ಕೆ ಬರೀ 20 ನಿಮಿಷ. ಡೆಸಿಬೆಲ್ ಲೆಕ್ಕ ನಮ್ಮ ರೂಪಾಯಿ ಲೆಕ್ಕದ ಹಾಗಲ್ಲ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಶಬ್ದದ ಶಕ್ತಿ ದುಪ್ಪಟ್ಟು, ಕೇಳಬಹುದಾದ ಹೊತ್ತು ಅರ್ಧ.

ಬಸ್ಸಿನಲ್ಲಿ 90ರಲ್ಲಿ ಕೇಳುವವರು ದಿನಕ್ಕೆ ಒಂದು ಗಂಟೆ ಕೇಳಿದ್ರೆ, ವಾರದ ಕೋಟಾ ನಾಲ್ಕನೇ ದಿನಕ್ಕೆ ಮುಗೀತು. ಆಫೀಸಿನ ಮೀಟಿಂಗು, ರಾತ್ರಿಯ ವೆಬ್ ಸಿರೀಸು ಇನ್ನೂ ಬಾಕಿ.

ಇದು ಎಷ್ಟು ನಿಜ ಅನ್ನೋದನ್ನ ನಾನು ಪುಸ್ತಕದಿಂದ ಕಲಿತದ್ದಲ್ಲ. ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ನಮ್ಮ ದೊಡ್ಡಪ್ಪನದು. ಅವರು ಹತ್ತಿ ಗಿರಣಿಯೊಂದರ ಮಗ್ಗದ ವಿಭಾಗದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದವರು. ಮಗ್ಗಗಳು ಓಡುವ ಶೆಡ್ಡಿನ ಶಬ್ದ 90 ಡೆಸಿಬೆಲ್ ದಾಟೋದು ಮಾಮೂಲು. ಈಗ ಮನೆಯಲ್ಲಿ ಟಿವಿ ಬೀದಿಗೆಲ್ಲ ಕೇಳುವಷ್ಟು ಜೋರು. ಕೇಳಿದ್ರೆ ಅವರು ಹೇಳೋದು ಒಂದೇ ಮಾತು: "ಮಾತು ಕೇಳಿಸ್ತದವ್ವಾ, ಅಕ್ಷರ ಕೇಳಿಸಲ್ಲ."

ಎಷ್ಟು ಸರಿಯಾಗಿ ಹೇಳ್ತಾರೆ ನೋಡಿ. ಜೋರು ಶಬ್ದದಿಂದ ಕಿವಿ ಕೆಡುವಾಗ ಮೊದಲು ಏಟು ಬೀಳೋದು 4000 ಹರ್ಟ್ಸ್ ಆಸುಪಾಸಿನ ತೆಳು ಸ್ವರಗಳಿಗೆ. ಸ, ಶ, ತ, ಕ ಅನ್ನುವ ವ್ಯಂಜನಗಳನ್ನು ಒಂದರಿಂದ ಒಂದನ್ನು ಬೇರೆ ಮಾಡಿ ತೋರಿಸೋದು ಬಹುಪಾಲು ಅಲ್ಲೇ. ಸ್ವರಗಳು ತಗ್ಗಿನಲ್ಲಿರೋದರಿಂದ ದನಿ ಬಂದಿದ್ದು ಗೊತ್ತಾಗುತ್ತೆ, ಏನಂದ್ರು ಅನ್ನೋದು ಗೊತ್ತಾಗಲ್ಲ. ಕಿವಿಯ ಒಳಗಿನ ಆ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟಲ್ಲ.

ಈಗ ಯೋಚಿಸಿ. ತಾಳದ ಕಿಣಿಕಿಣಿ, ಗಾಯಕರ ಉಸಿರು, ಸಿತಾರಿನ ತಂತಿಯ ಹೊಳಪು. "ಡೀಟೇಲ್ ಚೆನ್ನಾಗಿದೆ" ಅಂತ ದುಡ್ಡು ಕೊಟ್ಟು ಕೊಳ್ಳೋದು ಇದನ್ನೇ. ಜೋರಾಗಿ ಕೇಳಿದ್ರೆ ಮೊದಲು ಕಳೆದುಕೊಳ್ಳೋದೂ ಇದನ್ನೇ.

ಬೆಲೆ ನೋಡಿ ಮೋಸ ಹೋಗಬೇಡಿ

2017ರಲ್ಲಿ ಜೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. 283 ಹೆಡ್‌ಫೋನ್‌ಗಳ ಅಳತೆ ಇಟ್ಟುಕೊಂಡು, ಯಾವ ಸ್ವರ ಎಷ್ಟು ಜೋರಾಗಿ ಬರುತ್ತೆ ಅನ್ನೋದಕ್ಕೂ ಅಂಗಡಿ ಬೆಲೆಗೂ ಏನಾದ್ರೂ ಸಂಬಂಧ ಇದೆಯಾ ಅಂತ ನೋಡಿದ್ರು. ಸಂಬಂಧ ಸಿಗಲಿಲ್ಲ. ದುಬಾರಿ ಹೆಡ್‌ಫೋನಿನಲ್ಲಿ ಮೆತ್ತನೆ ಪ್ಯಾಡ್, ಗಟ್ಟಿ ಲೋಹ, ಒಳ್ಳೇ ಮೈಕ್ ಎಲ್ಲ ಇರಬಹುದು. ಆದರೆ ಬೆಲೆ ಜಾಸ್ತಿ ಅಂದ ಮಾತ್ರಕ್ಕೆ ಸ್ವರದ ಹದ ಸರಿ ಇರುತ್ತೆ ಅನ್ನುವ ಗ್ಯಾರಂಟಿ ಇಲ್ಲ. ನಮ್ಮಂಥವರಿಗೆ ಇದು ಸಿಹಿ ಸುದ್ದಿ.

ಹಾಗಾದ್ರೆ ಸಾವಿರ, ಎರಡು ಸಾವಿರದೊಳಗೆ ಏನು ನೋಡಿ ಕೊಳ್ಳಬೇಕು?

ಮೊದಲನೆಯದು, ಆಕಾರ. ಬಸ್ಸು, ರೈಲು ಅಂದ್ರೆ ಕಿವಿಯೊಳಗೆ ರಬ್ಬರ್ ತುದಿ ಕೂರುವ ಇಯರ್‌ಫೋನೇ ಸರಿ. ಕಿವಿಯ ಬಾಗಿಲಲ್ಲಿ ಸುಮ್ಮನೆ ಒರಗುವ, ರಬ್ಬರ್ ಇಲ್ಲದ ನಮೂನೆ ಹೊರಗಿನ ಗದ್ದಲ ತಡೆಯೋದಿಲ್ಲ. ಕಿವಿಯ ಮೇಲೆ ಒತ್ತಿ ಕೂರುವ ಸಣ್ಣ ಹೆಡ್‌ಫೋನು ಓಲೆ ಹಾಕಿದವರಿಗೆ ಹತ್ತೇ ನಿಮಿಷದಲ್ಲಿ ನೋವು. ಕಿವಿ ಪೂರ್ತಿ ಮುಚ್ಚುವ ದೊಡ್ಡದು ಮನೆಗೆ, ಆಫೀಸಿಗೆ ಚೆಂದ. ಆದರೆ ಕನ್ನಡಕದ ಕಡ್ಡಿ ಪ್ಯಾಡಿನ ಕೆಳಗೆ ಸಂದು ಮಾಡುತ್ತೆ, ಏಪ್ರಿಲ್ ಬಿಸಿಲಿಗೆ ಕಿವಿ ಬೆವರುತ್ತೆ.

ಎರಡನೆಯದು, ವೈರ್. ಅದೇ ದುಡ್ಡಿಗೆ ವೈರ್‌ಲೆಸ್ ಕೊಂಡ್ರೆ ಅದರಲ್ಲಿ ಬ್ಯಾಟರಿ, ಬ್ಲೂಟೂತ್ ಚಿಪ್, ಚಾರ್ಜಿಂಗ್ ಡಬ್ಬಿಗೂ ಪಾಲು ಹೋಗುತ್ತೆ. ಒಂದೆರಡು ವರ್ಷಕ್ಕೆ ಬ್ಯಾಟರಿ ಸೋತರೆ ಇಡೀ ಜೋಡಿ ಕಸ. ವೈರಿನದು ಹಾಗಲ್ಲ. ಫೋನಿನಲ್ಲಿ 3.5 ಎಂಎಂ ತೂತು ಇಲ್ಲದಿದ್ರೆ ಒಂದು ಟೈಪ್-ಸಿ ಡಾಂಗಲ್ ಬೇಕಾಗುತ್ತೆ, ಅದನ್ನೂ ಬಜೆಟ್‌ಗೆ ಸೇರಿಸಿ.

ಮೂರನೆಯದು, ಕಳಚಿ ಹಾಕಬಹುದಾದ ವೈರ್. ಅಗ್ಗದ ಇಯರ್‌ಫೋನು ಸಾಯೋದು ವೈರಿನಲ್ಲಿ, ಸ್ಪೀಕರಿನಲ್ಲಿ ಅಲ್ಲ. ಎರಡು ಪಿನ್ನಿನ ವೈರ್ ಇದ್ರೆ ಹಾಳಾದಾಗ ಅಷ್ಟನ್ನೇ ಬದಲಿಸಬಹುದು. ಮೂನ್‌ಡ್ರಾಪ್ ಚು 2, 7ಹರ್ಟ್ಸ್ ಝೀರೋ, ಕೆಜೆಡ್ ಕಂಪನಿಯ ಹಲವು ಮಾಡೆಲ್‌ಗಳು ಈ ನಮೂನೆಯವು. ನಾನು ಯಾರ ಜಾಹೀರಾತೂ ಮಾಡ್ತಿಲ್ಲ. ಹುಡುಕೋದಕ್ಕೆ ಒಂದು ದಾರಿ ಇರಲಿ ಅಂತ ಹೇಳಿದೆ.

ನಾಲ್ಕನೆಯದು, ಡಬ್ಬಿಯ ಮೇಲಿನ ಅಂಕಿ. "20 ರಿಂದ 20,000 ಹರ್ಟ್ಸ್" ಅನ್ನೋದನ್ನ ಎಲ್ಲರೂ ಬರೀತಾರೆ, ಅದರಿಂದ ಏನೂ ಗೊತ್ತಾಗಲ್ಲ. "ಎಕ್ಸ್‌ಟ್ರಾ ಬಾಸ್" ಅನ್ನೋದು ಅಡುಗೆಗೆ ಎಕ್ಸ್‌ಟ್ರಾ ಖಾರ ಅಂದಹಾಗೆ. ನೋಡಬೇಕಾದ್ದು ಎರಡೇ: ಇಂಪೀಡೆನ್ಸ್ 16ರಿಂದ 32 ಓಮ್ ಒಳಗಿದ್ರೆ ಫೋನಿಗೆ ಸುಲಭ, ಸೆನ್ಸಿಟಿವಿಟಿ 100 ಡೆಸಿಬೆಲ್ ಮೇಲಿದ್ರೆ ಫೋನ್ ತಿಣುಕಬೇಕಾಗಿಲ್ಲ.

ಅಂಗಡಿಯಲ್ಲಿ ಏನು ಕೇಳಬೇಕು

ಅಂಗಡಿಯವರು ಡಿಜೆ ಹಾಡು ಹಾಕಿ ಕೊಡ್ತಾರೆ, ಎಲ್ಲವೂ ಚೆನ್ನಾಗೇ ಇದೆ ಅನ್ನಿಸುತ್ತೆ. ಹಾಗೆ ಬೇಡ. ನಿಮ್ಮದೇ ಫೋನಿನಲ್ಲಿ, ನಿಮಗೆ ನೂರು ಸಲ ಕೇಳಿ ಗೊತ್ತಿರುವ ಮೂರು ರೆಕಾರ್ಡಿಂಗ್ ಇಟ್ಟುಕೊಂಡು ಹೋಗಿ. ನನ್ನ ಮೂರು ಹೀಗಿವೆ.

ಒಂದು, ಗಂಗೂಬಾಯಿ ಹಾನಗಲ್ ಅವರ ಯಾವುದಾದ್ರೂ ಒಂದು ರಾಗ. ಆ ಗಂಭೀರ ದನಿ ಎದುರಿಗೆ ಕೂತು ಹಾಡಿದ ಹಾಗೆ ಬರಬೇಕು. ಕೊಡದೊಳಗಿಂದ ಬಂದ ಹಾಗಿದ್ರೆ ಆ ಜೋಡಿ ಬೇಡ. ಹಿಂದೆ ತಂಬೂರಿಯ ಗುಂಗು ಕೇಳಿಸ್ತಾ ಇರಬೇಕು, ದನಿಯ ಕೆಳಗೆ ಮುಚ್ಚಿಹೋಗಬಾರದು.

ಎರಡು, ಡೊಳ್ಳು. ನಮ್ಮ ಸೀಮೆಯವರಿಗೆ ಡೊಳ್ಳಿನ ಸದ್ದು ಎದೆಗೆ ತಾಗೋದು ಹೇಗೆ ಅಂತ ಹೇಳಿಕೊಡಬೇಕಾಗಿಲ್ಲ. ದುಗ್ಗಮ್ಮನ ಜಾತ್ರೆಯಲ್ಲಿ ನಿಂತು ಕೇಳಿದವರೇ ನಾವು. ಏಟು ಬಿದ್ದು ನಿಲ್ಲಬೇಕು. ಏಟಿನ ಮೇಲೆ ಏಟು ಕಲಸಿ ಬರೀ ಗುಂ ಅಂದ್ರೆ ಬಾಸ್ ಜಾಸ್ತಿಯಾಗಿದೆ ಅಂತ.

ಮೂರು, ಹೊಸ ಸಿನಿಮಾ ಹಾಡು, ಹೆಣ್ಣು ದನಿಯದ್ದು. "ಸ", "ಶ" ಬಂದಾಗಲೆಲ್ಲ ಸೂಜಿ ಚುಚ್ಚಿದ ಹಾಗಾದ್ರೆ ಅದನ್ನ ಒಂದು ಗಂಟೆ ಕೇಳೋದಕ್ಕೆ ಆಗಲ್ಲ.

ಇದನ್ನೆಲ್ಲ ಅರ್ಧ ವಾಲ್ಯೂಮ್‌ನಲ್ಲಿ ಕೇಳಿ. ಜೋರಾಗಿಟ್ರೆ ಎಲ್ಲ ಹೆಡ್‌ಫೋನೂ ಸ್ವಲ್ಪ ಹೊತ್ತು ಚೆನ್ನಾಗೇ ಕೇಳಿಸುತ್ತೆ, ಅದು ಕಿವಿಯ ಗುಣ. ಆನ್‌ಲೈನಿನಲ್ಲಿ ತರಿಸೋದಾದ್ರೆ ವಾಪಸ್ ಕೊಡುವ ಅವಕಾಶ ಇದೆಯಾ ಅಂತ ಮೊದಲೇ ನೋಡಿಕೊಂಡು, ಮನೆಗೆ ಬಂದ ದಿನವೇ ಈ ಪರೀಕ್ಷೆ ಮಾಡಿ.

ಮೊದಲ ತಿದ್ದುಪಡಿ: ರಬ್ಬರ್ ತುದಿ

ಇನ್ನು ರಿಪೇರಿ ಕೆಲಸ. ಇದರಲ್ಲಿ ನನಗೆ ಗುರು ನಮ್ಮ ಹರಿಹರದ ಮಾವ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ಹರಿಹರ ಲೇತ್ ಮೆಷಿನ್ನಿನ ಊರು. ಆ ದೊಡ್ಡ ಕಾರ್ಖಾನೆ ಈಗಿಲ್ಲ, ಆದರೆ ಲೇತ್ ಕೆಲಸ ಬಲ್ಲವರು ಊರಲ್ಲಿ ಉಳಿದಿದ್ದಾರೆ. ಮಾವನೂ ಒಬ್ಬ ಟರ್ನರ್, ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ಹೆಡ್‌ಫೋನ್ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದರೆ ನಾನು ಒಂದನ್ನ ಬಿಚ್ಚಿಕೊಂಡು ಕೂತಿದ್ದಾಗ ಹೇಳಿದ ಮಾತು ಇವತ್ತಿಗೂ ನನ್ನ ನಿಯಮ: "ನೋಡವ್ವಾ, ಒಂದ್ ಸಲಕ್ಕೆ ಒಂದೇ ಕಟ್ ಕೊಡಬೇಕು, ಅಳತೆ ನೋಡಬೇಕು. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಕೆಡ್ತು ಅಂತ ಗೊತ್ತಾಗಲ್ಲ. ಇನ್ನೊಂದು, ತೆಗೆದ ಲೋಹ ವಾಪಸ್ ಅಂಟಲ್ಲ."

ಅದಕ್ಕೇ ನಾನು ಹೇಳುವ ತಿದ್ದುಪಡಿಗಳೆಲ್ಲ ವಾಪಸ್ ಮಾಡಬಹುದಾದವು. ತೂತು ಕೊರೆಯೋದು, ಕತ್ತರಿಸೋದು ಇಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆಗೋದು ಅತಿ ಅಗ್ಗದ ಭಾಗದಿಂದ, ಅಂದ್ರೆ ರಬ್ಬರ್ ತುದಿಯಿಂದ. ಕಿವಿಯ ಕಾಲುವೆ ಮುಚ್ಚಿದ್ರೆ ಮಾತ್ರ ಆ ಪುಟ್ಟ ಸ್ಪೀಕರ್ ಒಳಗಿನ ಗಾಳಿಯನ್ನ ಒತ್ತಿ ಬಾಸ್ ಹುಟ್ಟಿಸಬಲ್ಲದು. ಕೂದಲೆಳೆ ಸಂದಿದ್ರೂ ಆ ಒತ್ತಡ ಸೋರಿಹೋಗುತ್ತೆ. ಟೈರಿನಲ್ಲಿ ಪಂಕ್ಚರ್ ಇದ್ದಾಗ ಪಂಪ್ ಹೊಡೆದ ಹಾಗೆ. ಆಗ ಡೊಳ್ಳು ತಟ್ಟೆ ಬಡಿದ ಹಾಗಾಗುತ್ತೆ, ದನಿ ತೆಳುವಾಗುತ್ತೆ, ಬಸ್ಸಿನ ಸದ್ದು ಒಳಗೆ ನುಗ್ಗುತ್ತೆ. ಜನ "ಈ ಇಯರ್‌ಫೋನ್ ಸರಿಯಿಲ್ಲ" ಅಂತ ಬೈದು ವಾಲ್ಯೂಮ್ ಏರಿಸ್ತಾರೆ.

ಪರೀಕ್ಷೆ ಸುಲಭ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 50 ಹರ್ಟ್ಸ್ ಸ್ವರ ಸಣ್ಣಗೆ ಹಚ್ಚಿ. ಈಗ ಎರಡೂ ಇಯರ್‌ಫೋನನ್ನ ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ. ಒತ್ತಿದಾಗ ಸದ್ದು ಥಟ್ಟನೆ ದಪ್ಪ ಆಯ್ತಾ? ಹಾಗಾದ್ರೆ ಇಷ್ಟು ದಿನ ಸೋರುತ್ತಿತ್ತು ಅಂತ ಅರ್ಥ.

ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಜೊತೆ ಬಂದಿರುತ್ತೆ. ಹೆಚ್ಚಿನವರು ಮಧ್ಯಮದ್ದನ್ನ ಹಾಕಿದ್ದಂಗೇ ಬಿಟ್ಟಿರ್ತಾರೆ, ಉಳಿದವು ಡಬ್ಬಿ ಸಮೇತ ಕಸಕ್ಕೆ ಹೋಗಿರುತ್ತೆ. ಒಂದೊಂದೇ ಹಾಕಿ ನೋಡಿ. ಎರಡೂ ಕಿವಿ ಒಂದೇ ಅಳತೆ ಇರಬೇಕು ಅಂತಿಲ್ಲ. ನನಗೆ ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯ ಮೇಲ್ತುದಿಯನ್ನ ಮೇಲಕ್ಕೆ, ಹಿಂದಕ್ಕೆ ಎಳೆದುಕೊಂಡ್ರೆ ಕಾಲುವೆ ನೇರವಾಗಿ ಚೆನ್ನಾಗಿ ಕೂರುತ್ತೆ.

ಮೂರೂ ಆಗಲಿಲ್ಲ ಅಂದ್ರೆ ಬೇರೆ ರಬ್ಬರ್ ಸೆಟ್ ನೂರು ರೂಪಾಯಿ ಆಸುಪಾಸಿಗೆ ಸಿಗುತ್ತೆ. ಸ್ಪಂಜಿನ ತುದಿ ಇನ್ನೂ ಚೆನ್ನಾಗಿ ಮುಚ್ಚುತ್ತೆ: ಬೆರಳಲ್ಲಿ ಹಿಚುಕಿ ಒಳಗೆ ಇಟ್ಟು, ಅರಳುವ ತನಕ ಹಿಡಿದಿರಬೇಕು. ಅದು ತೆಳು ಸ್ವರದ ಚುಚ್ಚುವಿಕೆಯನ್ನೂ ಸ್ವಲ್ಪ ಮೆತ್ತಗೆ ಮಾಡುತ್ತೆ. ಆದರೆ ದುಬಾರಿ, ಬೇಗ ಸವೆಯುತ್ತೆ, ಬೆವರು ಹೀರುತ್ತೆ.

ಸರಿಯಾಗಿ ಕೂತ ತುದಿ ಹೊರಗಿನ ಗದ್ದಲವನ್ನ ಸುಮಾರು 15–20 ಡೆಸಿಬೆಲ್ ತಗ್ಗಿಸುತ್ತೆ. ಎಂಜಿನ್ನಿನ ತೀರಾ ತಗ್ಗಿನ ಗುಡುಗು ಸ್ವಲ್ಪ ಬಂದೇ ಬರುತ್ತೆ. ಮಾತು, ಹಾರ್ನ್, ಗಾಜಿನ ಸದ್ದು ದೂರ ಸರಿಯುತ್ತೆ. ಹಾಡು ಅಷ್ಟೇ ಸ್ಪಷ್ಟವಾಗಿ ಕೇಳೋದಕ್ಕೆ ವಾಲ್ಯೂಮ್ ಎಷ್ಟೋ ಮೆಟ್ಟಿಲು ಇಳಿಸಬಹುದು. ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ: 90ರಿಂದ 80ಕ್ಕೆ ಇಳಿದ್ರೆ ವಾರಕ್ಕೆ 4 ಗಂಟೆ ಇದ್ದದ್ದು 40 ಗಂಟೆ ಆಗುತ್ತೆ. ನೂರು ರೂಪಾಯಿ ರಬ್ಬರಿಗೆ ಇಷ್ಟು ಲಾಭ.

ಜೊತೆಗೆ, ಒಂದು ಕಡೆ ಸದ್ದು ಕಡಿಮೆ ಆದ್ರೆ ಹೊಸದು ಕೊಳ್ಳುವ ಮೊದಲು ತುದಿ ತೆಗೆದು ಜಾಲರಿ ನೋಡಿ. ಕಿವಿಯ ಗುಗ್ಗೆ ಕೂತಿರುತ್ತೆ. ಜಾಲರಿಯನ್ನ ಕೆಳಮುಖ ಮಾಡಿ ಹಿಡಿದು, ಒಣ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ. ಪಿನ್ ಹಾಕಿ ಕೆದಕಬೇಡಿ.

ಎರಡನೆಯದು: ಪುಕ್ಕಟೆ ಈಕ್ವಲೈಸರ್

ತುದಿ ಸರಿಯಾದ ಮೇಲೆಯೇ ಇದಕ್ಕೆ ಕೈ ಹಾಕಿ. ಸೋರುವ ಇಯರ್‌ಫೋನಿಗೆ ಈಕ್ವಲೈಸರ್ ಹಾಕೋದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ.

ಹಾರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಸಂಗಡಿಗರು ಒಂದು ದಶಕಕ್ಕೂ ಹಿಂದೆ ನೂರಾರು ಜನರಿಗೆ ಬೇರೆ ಬೇರೆ ಹದದ ಸದ್ದು ಕೇಳಿಸಿ, ಹೆಚ್ಚಿನವರಿಗೆ ಒಪ್ಪಿಗೆಯಾಗುವ ಹದ ಯಾವುದು ಅಂತ ಗೆರೆ ಎಳೆದ್ರು. ಅದನ್ನೇ ಹಾರ್ಮನ್ ಕರ್ವ್ ಅಂತಾರೆ. ಈಗ ಆಟೋಈಕ್ಯೂ ಅನ್ನುವ ಉಚಿತ ಯೋಜನೆಯಲ್ಲಿ ಸಾವಿರಾರು ಮಾಡೆಲ್‌ಗಳನ್ನ ಇಂಥ ಗೆರೆಯ ಹತ್ತಿರಕ್ಕೆ ತರುವ ಅಂಕಿಗಳು ಸಿಗುತ್ತವೆ. ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಆ್ಯಪ್ ಹಾಕಿ ನಿಮ್ಮ ಮಾಡೆಲ್ ಹೆಸರು ಹುಡುಕಿದ್ರೆ ಸಾಕು, ಅಂಕಿ ತಾನೇ ಕೂರುತ್ತೆ. ಆಫೀಸಿನ ವಿಂಡೋಸ್ ಕಂಪ್ಯೂಟರಿಗೆ ಈಕ್ವಲೈಸರ್ ಎಪಿಒ ಇದೆ, ಅದೂ ಉಚಿತ.

ನಿಮ್ಮ ಮಾಡೆಲ್ ಪಟ್ಟಿಯಲ್ಲಿ ಇಲ್ವಾ? ಕೈಯಿಂದಲೇ ಮಾಡಬಹುದು. ಡೊಳ್ಳು, ತಬಲಾದ ಎಡಗೈ ಏಟು ಇರೋದು 60–120 ಹರ್ಟ್ಸ್ ಸುತ್ತ. ಕೊಡದೊಳಗಿನ ದನಿ ಅನ್ನಿಸಿದ್ರೆ 200–300ರ ಹತ್ತಿರ ಎರಡು ಮೂರು ಡೆಸಿಬೆಲ್ ಇಳಿಸಿ. ಮಾತು ಹಿಂದೆ ಸರಿದ ಹಾಗಿದ್ರೆ 2000–3000ದಲ್ಲಿ ಒಂದೆರಡು ಏರಿಸಿ. "ಸ" ಚುಚ್ಚಿದ್ರೆ 6000–8000ದಲ್ಲಿ ಇಳಿಸಿ.

ಎರಡು ಮಾತು ನೆನಪಿಡಿ. ಏರಿಸೋದಕ್ಕಿಂತ ಇಳಿಸೋದು ಲೇಸು. ಏರಿಸಲೇಬೇಕಾದ್ರೆ, ಎಷ್ಟು ಏರಿಸಿದ್ರೋ ಅಷ್ಟನ್ನ ಪ್ರೀಆಂಪ್ ಅನ್ನುವ ಕಡ್ಡಿಯಲ್ಲಿ ಇಳಿಸಿ. ಇಲ್ಲದಿದ್ರೆ ಜೋರು ಜಾಗದಲ್ಲಿ ಸದ್ದು ಒಡೆಯುತ್ತೆ. ಇಳಿಸಿದ ಕೂಡಲೇ "ಅಯ್ಯೋ, ಮಂಕಾಯ್ತು" ಅನ್ನಿಸಬಹುದು. ಎರಡು ದಿನ ಕೇಳಿ, ಕಿವಿ ಹೊಂದಿಕೊಳ್ಳುತ್ತೆ.

ಮೂರನೆಯದು: ಟೇಪು, ಸ್ಪಂಜು, ಪ್ಯಾಡು

ಇದು ಕೈ ತುರಿಸುವವರಿಗೆ. ಗಾಯಕ್ಕೆ ಹಚ್ಚುವ ಮೈಕ್ರೋಪೋರ್ ಪೇಪರ್ ಟೇಪ್ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತೆ. ಇಯರ್‌ಫೋನಿನ ಮೈಮೇಲೆ ಸೂಜಿಮೊನೆಯಷ್ಟು ಗಾಳಿತೂತುಗಳಿರುತ್ತವೆ. ಸ್ಪೀಕರಿನ ಹಿಂದಿನ ತೂತಿಗೆ ಟೇಪಿನ ಚೂರು ಹಚ್ಚಿದ್ರೆ ಸಾಮಾನ್ಯವಾಗಿ ಬಾಸ್ ತಗ್ಗುತ್ತೆ. ಮುಂದಿನ, ಅಂದ್ರೆ ಕಿವಿ ಕಡೆಯ ತೂತಿಗೆ ಹಚ್ಚಿದ್ರೆ ಏರುತ್ತೆ. ಗುಂ ಅನ್ನುವ ಜೋಡಿಗೆ ಮೊದಲನೆಯದು ಮದ್ದು. ಟೇಪಿಗೇ ಸಣ್ಣ ತೂತುಗಳಿರೋದರಿಂದ ಪೂರ್ತಿ ಬಂದ್ ಆಗಲ್ಲ. ಇನ್ನೂ ಬೇಕಾದ್ರೆ ಎರಡು ಪದರ. ಒಂದು ಕಿವಿಗೆ ಹಚ್ಚಿ, ಇನ್ನೊಂದನ್ನ ಹಾಗೇ ಬಿಟ್ಟು, ಹೋಲಿಸಿ ನೋಡಿ. ಮಾವನ ನಿಯಮ!

ಸದ್ದು ಹೊರಬರುವ ಕೊಳವೆಯೊಳಗೆ, ತುದಿ ತೆಗೆದು, ಅತಿ ಸಣ್ಣ ಸ್ಪಂಜಿನ ಚೂರು ಇಟ್ರೆ ಚುಚ್ಚುವ ಸ್ವರ ಮೆತ್ತಗಾಗುತ್ತೆ. ಚೂರು ಕಿವಿಯೊಳಗೆ ಬೀಳದಂತೆ ಜಾಲರಿಯ ಹಿಂದೆಯೇ ಇರಬೇಕು. ಜಾಲರಿ ಕಳಚದ ಮಾಡೆಲ್ ಆದ್ರೆ ಇದನ್ನ ಬಿಟ್ಟುಬಿಡಿ.

ದೊಡ್ಡ ಹೆಡ್‌ಫೋನಿನಲ್ಲಿ ರಬ್ಬರ್ ತುದಿಯ ಕೆಲಸ ಮಾಡೋದು ಪ್ಯಾಡ್. ರೆಕ್ಸಿನ್ ಸುಲಿದು ಕರಿ ಹೊಪ್ಪಳೆ ಕೆನ್ನೆಗೆ ಅಂಟ್ತಿದೆ ಅಂದ್ರೆ ಸೋರಿಕೆ ಶುರುವಾಗಿದೆ ಅಂತ. ಸ್ಕೇಲಿನಲ್ಲಿ ಅಳೆದು ಅದೇ ಅಳತೆಯದ್ದನ್ನ ತರಿಸಿ. ರೆಕ್ಸಿನ್ ಪ್ಯಾಡಿಗೆ ಬಾಸ್ ಹೆಚ್ಚು, ಸೆಕೆಯೂ ಹೆಚ್ಚು. ವೆಲ್ವೆಟ್ಟಿನದಕ್ಕೆ ತಂಪು, ಆದರೆ ಬಾಸ್ ಸ್ವಲ್ಪ ಕಡಿಮೆ, ಹೊರಗಿನ ಸದ್ದು ಸ್ವಲ್ಪ ಜಾಸ್ತಿ. ವೈರಿನ ಹೆಡ್‌ಫೋನಿನ ಬಟ್ಟಲೊಳಗೆ ಟೊಳ್ಳು ಪ್ರತಿಧ್ವನಿ ಇದ್ರೆ, ಪ್ಯಾಡ್ ಕೆಳಗಿನ ಸ್ಕ್ರೂ ಬಿಚ್ಚಿ ಸ್ಪೀಕರಿನ ಹಿಂದೆ ಅರಳೆಯ ತೆಳು ಪದರ ಇಡಬಹುದು. ಸ್ಪೀಕರಿನ ಪೊರೆಗೆ ಬೆರಳು ತಾಗಬಾರದು. ವೈರ್‌ಲೆಸ್ ಆದ್ರೆ ಒಳಗೆ ಬ್ಯಾಟರಿ ಇರುತ್ತೆ, ಬಿಚ್ಚಲೇಬೇಡಿ.

ನಾಲ್ಕನೆಯದು: ಸತ್ತ ವೈರಿಗೆ ಜೀವ

ಒಂದು ಕಡೆ ಬಂದು ಹೋಗಿ ಮಾಡ್ತಿದ್ರೆ ನೂರಕ್ಕೆ ಹೆಚ್ಚಿನ ಸಲ ತಪ್ಪಿರೋದು ಜಾಕ್ ಪಿನ್ನಿನ ಕುತ್ತಿಗೆಯಲ್ಲಿ. ಹೊಸ 3.5 ಎಂಎಂ ಪಿನ್, 25 ವ್ಯಾಟಿನ ಸೋಲ್ಡರಿಂಗ್ ಐರನ್ ಇದ್ರೆ ಮನೆಯಲ್ಲೇ ಆಗುತ್ತೆ. ಇಲ್ಲದಿದ್ರೆ ಮೊಬೈಲ್ ರಿಪೇರಿ ಅಂಗಡಿಯವರು ಮಾಡಿಕೊಡ್ತಾರೆ. ಮೈಕ್ ಇರುವ ಪಿನ್ನಿಗೆ ನಾಲ್ಕು ಭಾಗ: ತುದಿ ಎಡಕಿವಿ, ಮೊದಲ ಉಂಗುರ ಬಲಕಿವಿ, ಎರಡನೇ ಉಂಗುರ ಗ್ರೌಂಡ್, ಬುಡ ಮೈಕ್. ಒಳಗಿನ ಬಣ್ಣದ ಎಳೆಗಳಲ್ಲಿ ಸಾಮಾನ್ಯವಾಗಿ ಕೆಂಪು ಬಲ, ಹಸಿರು ಅಥವಾ ನೀಲಿ ಎಡ, ತಾಮ್ರದ ಬಣ್ಣದ್ದು ಗ್ರೌಂಡ್. ಆ ಬಣ್ಣ ಅಂದ್ರೆ ಎಳೆಯ ಮೇಲಿನ ವಾರ್ನಿಷ್. ಅದನ್ನ ಬಿಸಿ ಐರನ್ ಮತ್ತು ಸೀಸದಿಂದ ಸುಟ್ಟು ತೆಗೆಯದೆ ಬೆಸುಗೆ ಹಿಡಿಯಲ್ಲ. "ಬೆಸುಗೆ ಹಾಕಿದೆ, ಸದ್ದೇ ಬರಲಿಲ್ಲ" ಅನ್ನುವವರಲ್ಲಿ ಮುಕ್ಕಾಲು ಜನ ಎಡವೋದು ಇಲ್ಲೇ.

ಒಂದು ಎಚ್ಚರಿಕೆ

ಚೆನ್ನಾಗಿ ಮುಚ್ಚುವ ಇಯರ್‌ಫೋನ್ ಹಾರ್ನನ್ನೂ ಮುಚ್ಚುತ್ತೆ. ಸೀಟಿನಲ್ಲಿ ಕೂತಾಗ ಅದು ವರ, ರಸ್ತೆಯಲ್ಲಿ ಶಾಪ. ಬಸ್ ಇಳಿಯುವಾಗ, ಹಳೇ ಪಿಬಿ ರೋಡ್ ದಾಟುವಾಗ, ರೈಲು ಹಳಿ ದಾಟುವಾಗ ಎರಡನ್ನೂ ತೆಗೆದು ಜೇಬಿಗೆ ಹಾಕಿ. ಗಾಡಿ ಓಡಿಸುವಾಗ ಬೇಡವೇ ಬೇಡ.

ಮತ್ತೆ, ಇಯರ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್ ಅಂತಿದ್ರೆ, ಎದುರಿನವರ ಮಾತು ಹತ್ತಿ ತುರುಕಿದ ಹಾಗೆ ಕೇಳಿದ್ರೆ, ಅದು ಕಿವಿ ಕೊಡುತ್ತಿರುವ ನೋಟಿಸು. ಒಂದೆರಡು ದಿನ ಪೂರ್ತಿ ವಿರಾಮ ಕೊಡಿ. ಹೋಗಲಿಲ್ಲ ಅಂದ್ರೆ ಕಿವಿ ಡಾಕ್ಟರ ಹತ್ತಿರ ಹೋಗಿ. ಒಂದು ಕಿವಿ ದಿಢೀರ್ ಅಂತ ಮಂದವಾದ್ರೆ ಕಾಯಬೇಡಿ, ಅವತ್ತೇ ಹೋಗಿ.

ಒಟ್ಟು ಲೆಕ್ಕ

ಇಯರ್‌ಫೋನಿಗೆ ಸಾವಿರದ ಆಸುಪಾಸು, ತುದಿಗೆ ನೂರು, ಟೇಪಿಗೆ ಇನ್ನಷ್ಟು ಚಿಲ್ಲರೆ, ಈಕ್ವಲೈಸರಿಗೆ ಸೊನ್ನೆ. ಒಂದು ಭಾನುವಾರದ ಮಧ್ಯಾಹ್ನ, ಒಂದು ತಟ್ಟೆ ಮಂಡಕ್ಕಿ ಮೆಣಸಿನಕಾಯಿ ಮುಗಿಯುವಷ್ಟರಲ್ಲಿ ಮೊದಲೆರಡು ತಿದ್ದುಪಡಿ ಮುಗಿಯುತ್ತೆ. ಕೈ ಮಾತ್ರ ಒರೆಸಿಕೊಳ್ಳಿ, ಎಣ್ಣೆ ಜಾಲರಿಗೆ ಹತ್ತಬಾರದು!

ಮಾಡಿದ್ದು ಸರಿಯಾಯ್ತೋ ಇಲ್ವೋ ಅಂತ ತಿಳಿಯೋದಕ್ಕೆ ದೊಡ್ಡ ಮೆಷಿನ್ ಬೇಕಿಲ್ಲ. ಇವತ್ತು ಬಸ್ಸಿನಲ್ಲಿ ನಿಮ್ಮ ಫೋನಿನ ವಾಲ್ಯೂಮ್ ಕಡ್ಡಿ ಎಲ್ಲಿದೆ ಅಂತ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ತಿದ್ದಿದ ಮೇಲೆ ಒಂದು ವಾರ ಬಿಟ್ಟು, ಅದೇ ಬಸ್ಸು, ಅದೇ ಹಾಡು, ಇನ್ನೊಂದು ತೆಗೆಯಿರಿ. ಎರಡನೆಯದರಲ್ಲಿ ಕಡ್ಡಿ ಕೆಳಗಿಳಿದಿದ್ರೆ ನಿಮ್ಮ ಕೆಲಸ ಗೆದ್ದಿತು. ಇಳಿದಿಲ್ಲ ಅಂದ್ರೆ ಮತ್ತೆ ತುದಿಯಿಂದಲೇ ಶುರು ಮಾಡಿ.

ಯಾವ ತುದಿ ಯಾವ ಕಿವಿಗೆ ಹೊಂದಿತು, ಕಡ್ಡಿ ಎಷ್ಟು ಮೆಟ್ಟಿಲು ಇಳಿಯಿತು ಅಂತ ನನಗೂ ಬರೆಯಿರಿ. ಮನೆಯಲ್ಲಿ ಟಿವಿ ಜೋರಾಗಿಟ್ಟುಕೊಳ್ಳುವ ಹಿರಿಯರು ಇದ್ರೆ, ಅವರನ್ನ ಗದರಬೇಡಿ. ಎದುರಿಗೆ ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡಿ. ಹಾಗೇ ಒಂದು ಸಲ ಕಿವಿ ಪರೀಕ್ಷೆಗೂ ಕರೆದುಕೊಂಡು ಹೋಗಿ. ನಮ್ಮ ದೊಡ್ಡಪ್ಪನ ಸರದಿ ಬರುವ ಶನಿವಾರ.